ಸರ್ಜನ್ ಯಾರು ಅಂತ ಕೇಳಿದಿರಿ, ಅರಿವಳಿಕೆ ಕೊಡುವವರು ಯಾರು? ದಾವಣಗೆರೆಯಲ್ಲಿ ಹೋಲಿಸಿ ನೋಡುವ ಬಗೆ

ಎರಡೂವರೆ ವರ್ಷದ ಹಿಂದೆ ಅಪ್ಪನ ಹರ್ನಿಯಾ ಆಪರೇಷನ್ ಓ.ಟಿ. (ಆಪರೇಷನ್ ಕೋಣೆ) ಬಾಗಿಲಲ್ಲೇ ನಿಂತುಹೋಯಿತು. ಬೆಳಿಗ್ಗೆ 7 ಗಂಟೆ. ಅಪ್ಪನಿಗೆ ಹಸಿರು ಗೌನ್ ಹಾಕಿ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಅಷ್ಟು ಹೊತ್ತಿಗೆ ಅರಿವಳಿಕೆ ಡಾಕ್ಟರ್, ಅಂದರೆ ಅನಸ್ತೇಷಿಯಾ ಕೊಡುವವರು, ಬೇರೊಂದು ಆಸ್ಪತ್ರೆಯಿಂದ ಬಂದರು. ಅಪ್ಪನನ್ನು ಅವರು ನೋಡಿದ್ದು ಅದೇ ಮೊದಲು.

"ಯಜಮಾನ್ರೇ, ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತೀರಾ?"

"ಹೂಂ ಸಾರ್. ಹಾರ್ಟಿಗೆ ಸ್ಟೆಂಟ್ ಹಾಕಿದಾಗಿಂದ ತಗೋತಾ ಇದೀನಿ. ನಿನ್ನೆ ರಾತ್ರಿನೂ ತಗೊಂಡೆ."

ಡಾಕ್ಟರ್ ಸ್ಟ್ರೆಚರ್ ವಾಪಸ್ ಕಳಿಸಿದರು. ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನವಾಗಿ ವಿವರಿಸಿದರು. ಕ್ಲೊಪಿಡೋಗ್ರೆಲ್ ಮಾತ್ರೆಯ ಪರಿಣಾಮ ಮೈಯಲ್ಲಿ ಇರುವಾಗ ಅರಿವಳಿಕೆಗೆಂದು ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಬಹುದು. ಕಾಲುಗಳ ಶಕ್ತಿಯೇ ಹೋಗಬಹುದು. ಹಾಗಂತ ಸ್ಟೆಂಟ್ ಇರುವವರು ತಾವಾಗಿಯೇ ಮಾತ್ರೆ ಬಿಡುವಂತೆಯೂ ಇಲ್ಲ. ಹಾರ್ಟ್ ಡಾಕ್ಟರನ್ನು ಕೇಳಿ, ಅವರು ಒಪ್ಪಿದರೆ 5ರಿಂದ 7 ದಿನ ನಿಲ್ಲಿಸಿ ಬನ್ನಿ ಎಂದರು.

ಆ ಡಾಕ್ಟರ್ ಮಾಡಿದ್ದು ಸರಿ. ಅವರು ಕೇಳದೇ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ಡವಗುಟ್ಟುತ್ತದೆ. ಆದರೆ ಆ ಪ್ರಶ್ನೆ ಒಂದು ವಾರ ಮುಂಚೆ ಬರಬೇಕಿತ್ತು. ನಾವೂ ಅಷ್ಟೇ. ಸರ್ಜನ್ ಬಗ್ಗೆ ಹತ್ತು ಜನರ ಹತ್ತಿರ ವಿಚಾರಿಸಿದ್ದೆವು. ಆಪರೇಷನ್ ನಡೆಯುವಾಗ ಅಪ್ಪನ ಉಸಿರು, ಬಿ.ಪಿ., ಎದೆಬಡಿತ ನೋಡಿಕೊಳ್ಳುವವರು ಯಾರು ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಕಳೆದ ವರ್ಷ ಅಮ್ಮನಿಗೆ ಗಾಲ್ ಬ್ಲಾಡರ್‌ನಲ್ಲಿ ಕಲ್ಲು ಎಂದಾಯಿತು. ಅಮ್ಮನಿಗೆ 58 ವರ್ಷ. ಶುಗರ್ ಇದೆ, ಥೈರಾಯ್ಡ್ ಇದೆ, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆ. ಈ ಸಲ ನಾಲ್ಕು ಕಡೆ ಓಡಾಡಿದೆ. ಎಲ್ಲಾ ಕಡೆ ಅರಿವಳಿಕೆ ಡಾಕ್ಟರ್ ಬಗ್ಗೆಯೇ ಮೊದಲು ಕೇಳಿದೆ. ಆಗ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಹರಿಹರ, ಹರಪನಹಳ್ಳಿ, ರಾಣೆಬೆನ್ನೂರು, ಚಿತ್ರದುರ್ಗದ ಕಡೆಯಿಂದಲೂ ಜನ ಇಲ್ಲಿಗೇ ಬರುತ್ತಾರೆ. ಆಯ್ಕೆ ಜಾಸ್ತಿ ಇದ್ದಾಗ ಯಾವುದನ್ನು ನೋಡಿ ಆರಿಸಬೇಕು ಎನ್ನುವುದೇ ಕಷ್ಟ, ಅಲ್ವಾ?

ಹೆಸರಿನ ಮುಂದಿನ ಅಕ್ಷರಗಳು

ಮೊದಲು ಓದಿನ ವಿಷಯ. ಅರಿವಳಿಕೆ ತಜ್ಞರೂ ಎಲ್ಲರ ಹಾಗೆ ಮೊದಲು ಎಂ.ಬಿ.ಬಿ.ಎಸ್. ಮಾಡಿರುತ್ತಾರೆ. ಅದು ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಈ ವಿಷಯಕ್ಕೇ ಮೀಸಲಾದ ತರಬೇತಿ.

ಎಂ.ಡಿ. ಎಂದರೆ 3 ವರ್ಷ, ಮೆಡಿಕಲ್ ಕಾಲೇಜಿನಲ್ಲಿ. ಡಿ.ಎನ್.ಬಿ. ಕೂಡ 3 ವರ್ಷವೇ. ಅದರ ಪರೀಕ್ಷೆಯನ್ನು ರಾಷ್ಟ್ರೀಯ ಮಂಡಳಿ ನಡೆಸುತ್ತದೆ, ತರಬೇತಿ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತದೆ. ಇವೆರಡರಲ್ಲಿ ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಸಮ. ಡಿ.ಎ. ಎಂದರೆ 2 ವರ್ಷದ ಡಿಪ್ಲೊಮಾ. ಈಚಿನ ವರ್ಷಗಳಲ್ಲಿ ಕಾಲೇಜುಗಳ ಡಿಪ್ಲೊಮಾ ಸೀಟುಗಳನ್ನು ಎಂ.ಡಿ. ಸೀಟುಗಳಾಗಿ ಬದಲಿಸಿದ್ದಾರೆ. ಹಾಗಾಗಿ ಬೋರ್ಡಿನ ಮೇಲೆ ಡಿ.ಎ. ಎಂದಿರುವವರು ಬಹಳ ಮಟ್ಟಿಗೆ ಹಳಬರು.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ದಿನಾ ಸಿಸೇರಿಯನ್‌ಗೆ ಅರಿವಳಿಕೆ ಕೊಡುತ್ತಿರುವ ಡಿ.ಎ. ಡಾಕ್ಟರನ್ನು ಬಿಟ್ಟು, ಮೊನ್ನೆ ಎಂ.ಡಿ. ಮುಗಿಸಿದವರನ್ನು ಬರೀ ಅಕ್ಷರ ನೋಡಿ ಆರಿಸುವುದು ಸರಿಯಲ್ಲ. ಓದು ಒಳಗೆ ಹೋಗಲು ಇರುವ ಬಾಗಿಲು. ಒಳಗೆ ಹೋದ ಮೇಲೆ ಎಂಥ ಕೇಸುಗಳನ್ನು ಎಷ್ಟು ಮಾಡಿದ್ದಾರೆ ಎನ್ನುವುದೇ ಮುಖ್ಯ.

ಎಂ.ಡಿ. ಆದ ಮೇಲೆ ಮತ್ತೆ 3 ವರ್ಷ ಓದಿ ಡಿ.ಎಂ. ಮಾಡುವವರೂ ಇದ್ದಾರೆ. ಹೃದಯದ ಆಪರೇಷನ್, ಮೆದುಳಿನ ಆಪರೇಷನ್, ಚಿಕ್ಕ ಮಕ್ಕಳ ಆಪರೇಷನ್, ಐ.ಸಿ.ಯು. ಹೀಗೆ ಒಂದೊಂದಕ್ಕೂ ಬೇರೆ ಬೇರೆ ಡಿ.ಎಂ. ಇದೆ. ಹರ್ನಿಯಾಗೆ, ಅಪೆಂಡಿಕ್ಸ್‌ಗೆ ಡಿ.ಎಂ. ಹುಡುಕುತ್ತಾ ಹೋಗುವ ಅಗತ್ಯ ಇಲ್ಲ. ಹೃದಯದ ಬೈಪಾಸ್‌ಗೆ, ತಿಂಗಳು ತುಂಬದೆ ಹುಟ್ಟಿದ ಮಗುವಿನ ಆಪರೇಷನ್‌ಗೆ ಖಂಡಿತ ವಿಚಾರಿಸಿ. ಕೆಲವು ತಿಂಗಳ ಫೆಲೋಶಿಪ್‌ಗಳೂ ಇವೆ. ಅವು ಹೆಚ್ಚಿನ ಕಲಿಕೆ, ಒಳ್ಳೆಯದೇ. ಆದರೆ ಎಂ.ಡಿ., ಡಿ.ಎನ್.ಬಿ., ಡಿ.ಎ. ಯಾವುದೂ ಇಲ್ಲದೆ ಬರೀ ಫೆಲೋಶಿಪ್ ಇದ್ದರೆ ಅದು ಸಾಲದು.

ಒಂದು ಗೊಂದಲ ನಮ್ಮಲ್ಲಿ ತುಂಬಾ ಇದೆ. ಬಿ.ಎಸ್‌ಸಿ. ಅನಸ್ತೇಷಿಯಾ ಟೆಕ್ನಾಲಜಿ ಓದಿದವರು ಟೆಕ್ನಿಷಿಯನ್‌ಗಳು. ಮೆಷಿನ್ ಸಿದ್ಧ ಮಾಡುವುದು, ಔಷಧ ಎತ್ತಿ ಕೊಡುವುದು, ಡಾಕ್ಟರ್ ಪಕ್ಕ ನಿಂತು ನೆರವಾಗುವುದು ಅವರ ಕೆಲಸ. ಒಳ್ಳೆಯ ಟೆಕ್ನಿಷಿಯನ್ ಇರುವ ಓ.ಟಿ. ನಿಜಕ್ಕೂ ಒಳ್ಳೆಯ ಓ.ಟಿ. ಆದರೆ ಡಾಕ್ಟರ್ ಜಾಗದಲ್ಲಿ ಅವರೇ ನಿಲ್ಲುವಂತಿಲ್ಲ. "ನಮ್ಮ ಅನಸ್ತೇಷಿಯಾದವರು ಇದಾರೆ" ಎಂದು ರಿಸೆಪ್ಷನ್‌ನಲ್ಲಿ ಹೇಳಿದರೆ, ಡಾಕ್ಟರೋ ಟೆಕ್ನಿಷಿಯನ್ನೋ ಎಂದು ಬಿಡಿಸಿ ಕೇಳಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೊಂದು ಬಗೆ ಇದೆ. ತಜ್ಞರು ಸಿಗದ ತಾಲ್ಲೂಕುಗಳಲ್ಲಿ ತುರ್ತು ಹೆರಿಗೆ ನಿಲ್ಲಬಾರದು ಎಂದು ಎಂ.ಬಿ.ಬಿ.ಎಸ್. ಡಾಕ್ಟರುಗಳಿಗೆ ಕೆಲವು ತಿಂಗಳು ಅರಿವಳಿಕೆಯ ತರಬೇತಿ ಕೊಡುತ್ತಾರೆ. ತಾಯಿ ಮಗು ಉಳಿಸಲು ಮಾಡಿದ ವ್ಯವಸ್ಥೆ ಅದು. ಅದನ್ನು ಗೌರವಿಸುತ್ತೇನೆ. ಆದರೆ ದಿನ ನೋಡಿ ಮಾಡಿಸುವ ದೊಡ್ಡ ಆಪರೇಷನ್‌ಗೆ ಆ ತರಬೇತಿ ಉದ್ದೇಶಿಸಿದ್ದಲ್ಲ.

ಅದೇ ಡಿಗ್ರಿ, ಬೇರೆ ಬೇರೆ ಕೆಲಸದ ರೀತಿ

ನಾಲ್ಕು ಕಡೆ ಓಡಾಡಿದಾಗ ಒಂದು ವಿಷಯ ಹೊಳೆಯಿತು. ನಾಲ್ಕೂ ಕಡೆ ಎಂ.ಡಿ. ಆದವರೇ ಇದ್ದರು. ಡಿಗ್ರಿ ನೋಡಿದರೆ ವ್ಯತ್ಯಾಸವೇ ಇಲ್ಲ. ಅವರು ಕೆಲಸ ಮಾಡುವ ರೀತಿಯಲ್ಲಿ ಮಾತ್ರ ಭೂಮಿ ಆಕಾಶದಷ್ಟು ವ್ಯತ್ಯಾಸ.

ಮೊದಲನೆಯದು ವಿಸಿಟಿಂಗ್ ಡಾಕ್ಟರ್. ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕ್ ಕಡೆಯ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸಾಮಾನ್ಯವಾಗಿ ಇದೇ ಪದ್ಧತಿ. ಸರ್ಜನ್ ಫೋನ್ ಮಾಡುತ್ತಾರೆ, ಇವರು ಬಂದು ಕೇಸ್ ಮುಗಿಸಿ ಮುಂದಿನ ಆಸ್ಪತ್ರೆಗೆ ಹೋಗುತ್ತಾರೆ. ಕೈ ಪಳಗಿರುತ್ತದೆ. ದಿನಕ್ಕೆ ಹಲವು ಕೇಸ್ ಮಾಡುವವರು. ಖರ್ಚೂ ಕಡಿಮೆ. ತೊಂದರೆ ಇರುವುದು ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ. ಮುಂಚೆ ನೋಡಲು ಸಮಯ ಇರುವುದಿಲ್ಲ, ಅಪ್ಪನ ಕೇಸಿನಲ್ಲಿ ಆದ ಹಾಗೆ. ಸಂಜೆ ಉಸಿರು ಕಟ್ಟಿದಂತಾದರೆ, ಬಿ.ಪಿ. ಇಳಿದರೆ ಅವರು ಇನ್ನೆಲ್ಲೋ ಓ.ಟಿ. ಒಳಗೆ ಇರಬಹುದು.

ಆದರೆ ವಿಸಿಟಿಂಗ್ ಎಂದ ಮಾತ್ರಕ್ಕೆ ಬೇಡ ಎನ್ನಬೇಡಿ. ಎರಡು ಪ್ರಶ್ನೆ ಕೇಳಿ. ಒಂದು, ಮುಂಚೆ ಒಂದು ದಿನ ಬಂದು ನೋಡುತ್ತಾರಾ? ಎರಡು, ಅವರು ಹೋದ ಮೇಲೆ ರಾತ್ರಿ ಯಾರು ಇರುತ್ತಾರೆ? ಕೆಲವು ನರ್ಸಿಂಗ್ ಹೋಮ್‌ಗಳು ಒಬ್ಬರೇ ಡಾಕ್ಟರ್ ಜೊತೆ ವರ್ಷಗಟ್ಟಲೆ ಕೆಲಸ ಮಾಡುತ್ತಿರುತ್ತವೆ. ಅಲ್ಲಿ ಸರ್ಜನ್‌ಗೂ ಇವರಿಗೂ ಕಣ್ಣಲ್ಲೇ ಮಾತು ಗೊತ್ತಾಗುತ್ತದೆ. ಯಾರು ಬಿಡುವಾಗಿದ್ದಾರೋ ಅವರನ್ನು ಕರೆಸುವ ಕಡೆ ಆ ಹೊಂದಾಣಿಕೆ ಇರುವುದಿಲ್ಲ.

ಎರಡನೆಯದು ನನಗೆ ತುಂಬಾ ಇಷ್ಟವಾದ ಬಗೆ. ಗಂಡ ಸರ್ಜನ್, ಹೆಂಡತಿ ಅರಿವಳಿಕೆ ತಜ್ಞೆ. ಅಥವಾ ಹೆಂಡತಿ ಹೆರಿಗೆ ಡಾಕ್ಟರ್, ಗಂಡ ಅರಿವಳಿಕೆ. ಮೇಲೆ ಮನೆ, ಕೆಳಗೆ ಆಸ್ಪತ್ರೆ. ರಾತ್ರಿ 2 ಗಂಟೆಗೆ ಕರೆದರೂ ಮೆಟ್ಟಿಲಿಳಿದು ಬರುತ್ತಾರೆ. ರೋಗಿಯ ಹೆಸರು, ಊರು, ಮಾತ್ರೆ ಎಲ್ಲಾ ಗೊತ್ತಿರುತ್ತದೆ. ಆರೋಗ್ಯವಾಗಿರುವವರ ಸಾಮಾನ್ಯ ಆಪರೇಷನ್‌ಗೆ ಇದಕ್ಕಿಂತ ನೆಮ್ಮದಿಯ ಜಾಗ ಇಲ್ಲ ಅನ್ನಿಸುತ್ತದೆ. ಮಿತಿ ಒಂದೇ. ವೆಂಟಿಲೇಟರ್ ಬೇಕಾದರೆ, ರಕ್ತ ಜಾಸ್ತಿ ಬೇಕಾದರೆ ಆಂಬುಲೆನ್ಸ್ ಹತ್ತಿಸಬೇಕಾಗುತ್ತದೆ.

ಮೂರನೆಯದು ಮೆಡಿಕಲ್ ಕಾಲೇಜಿನ ಆಸ್ಪತ್ರೆ. ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ಕಾಲೇಜು ಇದೆ, ಅದಕ್ಕೆ ಸೇರಿದ ಬಾಪೂಜಿ ಆಸ್ಪತ್ರೆ ಇದೆ. ಬೈಪಾಸ್ ರಸ್ತೆ ಕಡೆ ಎಸ್.ಎಸ್. ವೈದ್ಯಕೀಯ ಸಂಸ್ಥೆ ಇದೆ. ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜು ಇದೆ. ಇಂಥ ಕಡೆ ಅರಿವಳಿಕೆಗೆ ಒಂದು ಇಡೀ ವಿಭಾಗವೇ ಇರುತ್ತದೆ. ಪ್ರೊಫೆಸರ್‌ಗಳು, ಅವರ ಕೆಳಗೆ ಸಹಾಯಕರು, ಪಿ.ಜಿ. ವಿದ್ಯಾರ್ಥಿಗಳು (ಎಂ.ಡಿ. ಓದುತ್ತಿರುವ ಡಾಕ್ಟರುಗಳು). ಹಗಲು ರಾತ್ರಿ ಯಾರಾದರೂ ಡ್ಯೂಟಿಯಲ್ಲಿ ಇದ್ದೇ ಇರುತ್ತಾರೆ. ಐ.ಸಿ.ಯು. ಅದೇ ಕಟ್ಟಡದಲ್ಲಿ.

"ಅಲ್ಲಿ ಹುಡುಗ್ರು ಕಲೀತಾರಂತೆ" ಎಂದು ನಮ್ಮ ಅತ್ತೆ ಹೆದರಿಸಿದರು. ನಿಜ, ಪಿ.ಜಿ.ಗಳು ಕೈ ಹಾಕುತ್ತಾರೆ. ಪಕ್ಕದಲ್ಲಿ ಸೀನಿಯರ್ ಇರುತ್ತಾರಾ ಎಂದು ನಾನು ಕೇಳಿದೆ. ಇರುತ್ತಾರೆ ಎಂದರು. ಆಮೇಲೆ ಅತ್ತೆಗೆ ಹೇಳಿದೆ, "ನಾಲ್ಕು ಕಣ್ಣು ನೋಡೋದು ಎರಡು ಕಣ್ಣು ನೋಡೋದಕ್ಕಿಂತ ಒಳ್ಳೇದಲ್ವಾ ಅತ್ತೆ." ಕಾಯುವುದು ಮಾತ್ರ ಜಾಸ್ತಿ. ಒಂದು ಸಹಿಗೆ ಮೂರು ಕೌಂಟರ್ ಸುತ್ತಬೇಕಾಗುತ್ತದೆ.

ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯನ್ನು ಸುಮ್ನೆ ಪಟ್ಟಿಯಿಂದ ತೆಗೆದುಹಾಕಬೇಡಿ. ಜೆ.ಜೆ.ಎಂ. ವಿದ್ಯಾರ್ಥಿಗಳು ಅಲ್ಲಿಯೂ ಕಲಿಯುತ್ತಾರೆ. ಬಡವರಿಗೆ ಅದೇ ದಿಕ್ಕು. ಗದ್ದಲ ಇದೆ, ಹಾಸಿಗೆಗೆ ಕಾಯಬೇಕು. ಆದರೆ ದಿನಾ ತುರ್ತು ಕೇಸು ನೋಡುವ ಜಾಗ ಅದು.

ಬೆಂಗಳೂರಿನ ಮಾತು ಬಂದೇ ಬರುತ್ತದೆ. ಸುಮಾರು 260 ಕಿಲೋಮೀಟರ್. ಹೃದಯದ ಕಷ್ಟದ ಆಪರೇಷನ್, ಮಕ್ಕಳ ದೊಡ್ಡ ಆಪರೇಷನ್ ಆದರೆ ಹೋಗಿ. ಗಾಲ್ ಬ್ಲಾಡರ್‌ಗೆ ಹೋದರೆ ಆಸ್ಪತ್ರೆ ಖರ್ಚಿಗಿಂತ ಲಾಡ್ಜು, ಊಟ, ಓಡಾಟವೇ ಹಣ್ಣು ಮಾಡುತ್ತದೆ.

ಮುಂಚಿನ ತಪಾಸಣೆ ಹೇಗಿತ್ತು ಎನ್ನುವುದೇ ನನ್ನ ಅಳತೆಗೋಲು

ಯಾವುದಾದರೂ ಒಂದನ್ನು ಮಾತ್ರ ನೋಡಿ ಆರಿಸಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರ್ ಮಾಡುವ ತಪಾಸಣೆ. ಆಸ್ಪತ್ರೆಯಲ್ಲಿ ಅದನ್ನು ಪಿ.ಎ.ಸಿ. ಎನ್ನುತ್ತಾರೆ. ಕೆಲವು ಕಡೆ "ಫಿಟ್‌ನೆಸ್" ಎಂದರೆ ಸಾಕು ಗೊತ್ತಾಗುತ್ತದೆ.

ಒಂದು ಕಡೆ ಇ.ಸಿ.ಜಿ. ನೋಡಿ ಎರಡು ನಿಮಿಷದಲ್ಲಿ ಸೀಲ್ ಹೊಡೆದು ಕಳಿಸಿದರು. ಕೊನೆಗೆ ನಾವು ಆರಿಸಿದ ಕಾಲೇಜು ಆಸ್ಪತ್ರೆಯಲ್ಲಿ ಒಬ್ಬ ಮೇಡಂ ಅಮ್ಮನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿಸಿದರು. ಬಾಯಿ ಅಗಲ ತೆಗೆಸಿ ನಾಲಿಗೆ ಚಾಚಿಸಿದರು. ಕುತ್ತಿಗೆ ಹಿಂದಕ್ಕೆ ಬಾಗಿಸಿ ನೋಡಿದರು. ಅಲುಗಾಡುವ ಹಲ್ಲು ಇದೆಯಾ ಎಂದು ಬೆರಳಿಂದ ಮುಟ್ಟಿದರು. ಗಂಟಲಿಗೆ ಟ್ಯೂಬ್ ಹಾಕುವುದು ಸುಲಭವಾ ಕಷ್ಟವಾ ಎಂದು ಅಂದಾಜು ಮಾಡಲು ಇದೆಲ್ಲ ಬೇಕಂತೆ.

"ಅಮ್ಮ, ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ? ಗೊರಕೆ ಹೊಡೀತೀರಾ? ಮಧ್ಯೆ ಉಸಿರು ನಿಂತು ಎಚ್ಚರ ಆಗುತ್ತಾ?"

ಗೊರಕೆ ಬಗ್ಗೆ ಕೇಳಿದ್ದು ಆ ನಾಲ್ಕು ಕಡೆಯಲ್ಲಿ ಅವರೊಬ್ಬರೇ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಆಪರೇಷನ್ ಆದ ರಾತ್ರಿ ನೋವಿನ ಔಷಧ ಜಾಸ್ತಿಯಾದರೆ ತೊಂದರೆ ಆಗಬಹುದು. ಅಮ್ಮ ತೆಗೆದುಕೊಳ್ಳುವ ಶುಗರ್ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಇತ್ತು. ಅದನ್ನು 3 ದಿನ ಮುಂಚೆಯೇ ನಿಲ್ಲಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಥೈರಾಯ್ಡ್ ಮಾತ್ರೆ ಮಾತ್ರ ಆಪರೇಷನ್ ದಿನವೂ ಒಂದು ಗುಟುಕು ನೀರಲ್ಲಿ ನುಂಗಿ ಎಂದರು.

ಉಪವಾಸದ ಲೆಕ್ಕವನ್ನೂ ಬಿಡಿಸಿ ಹೇಳಿದರು. ಎಣ್ಣೆ, ಬೆಣ್ಣೆಯ ತಿಂಡಿಗೆ 8 ಗಂಟೆ. ಅಂದರೆ ಬೆಣ್ಣೆ ದೋಸೆ, ಮಿರ್ಚಿ ಎಲ್ಲಾ ಹಿಂದಿನ ದಿನಕ್ಕೇ ಮುಗೀಬೇಕು. ಇಡ್ಲಿಯಂಥ ಹಗುರ ತಿಂಡಿಗೆ 6 ಗಂಟೆ. ಹಾಲು ಹಾಕಿದ ಕಾಫಿಯೂ ತಿಂಡಿಯ ಲೆಕ್ಕಕ್ಕೇ. ಬರೀ ನೀರಿಗೆ 2 ಗಂಟೆ. ಎದೆಹಾಲು ಕುಡಿಯುವ ಮಗುವಿಗೆ 4 ಗಂಟೆ. "ರಾತ್ರಿ 10ರಿಂದ ಒಂದು ಹನಿ ನೀರೂ ಕೊಡಬೇಡಿ" ಎಂದು ಎಲ್ಲರಿಗೂ ಒಂದೇ ಮಾತು ಹೇಳುವ ಕಡೆ, ಶುಗರ್ ಇರುವವರು ಮಧ್ಯಾಹ್ನದವರೆಗೆ ಒಣಗಿ ಕೂರಬೇಕಾಗುತ್ತದೆ.

ತಪಾಸಣೆಯ ಹಾಳೆಯಲ್ಲಿ ಎ.ಎಸ್.ಎ. ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಹಾಕಿರುತ್ತಾರೆ. ಅದನ್ನು ನೋಡಿಕೊಳ್ಳಿ. 1 ಎಂದರೆ ಬೇರೆ ಕಾಯಿಲೆ ಇಲ್ಲದವರು. 2 ಎಂದರೆ ಹತೋಟಿಯಲ್ಲಿರುವ ಶುಗರ್, ಬಿ.ಪಿ. ಇಂಥವು. 3 ಎಂದರೆ ಕಾಯಿಲೆ ದೊಡ್ಡದು. ನನ್ನ ಲೆಕ್ಕ ಹೀಗೆ: 1, 2 ಬಂದರೆ ಒಳ್ಳೆಯ ನರ್ಸಿಂಗ್ ಹೋಮ್ ಸಾಕು. 3 ಅಥವಾ ಅದಕ್ಕಿಂತ ಮೇಲೆ ಬಂದರೆ ಐ.ಸಿ.ಯು. ಒಳಗೇ ಇರುವ ಆಸ್ಪತ್ರೆಗೆ ಹೋಗಿ. ಖರ್ಚಿನ ಮುಖ ನೋಡಬೇಡಿ.

ಬೆನ್ನಿಗೋ, ಪೂರ್ತಿ ಮತ್ತೋ?

ಇದನ್ನು ನಾವು ಆರಿಸುವುದಕ್ಕಿಂತ ಡಾಕ್ಟರ್ ಆರಿಸುವುದೇ ಸರಿ. ಸಿಸೇರಿಯನ್, ಹರ್ನಿಯಾ, ಮಂಡಿ ಆಪರೇಷನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬುವುದರಿಂದ ಬಹಳ ಮಟ್ಟಿಗೆ ಪೂರ್ತಿ ಮತ್ತು. ಕೈ ಆಪರೇಷನ್‌ಗೆ ಭುಜದ ಹತ್ತಿರ ಬ್ಲಾಕ್, ಅಂದರೆ ನರ ಮರಗಟ್ಟಿಸುವ ಇಂಜೆಕ್ಷನ್, ಕೊಡುತ್ತಾರೆ. ಕೆಲವರು ಅದನ್ನು ಸ್ಕ್ಯಾನಿಂಗ್ ಮೆಷಿನ್‌ನಲ್ಲಿ ನರ ನೋಡಿಕೊಂಡು ಕೊಡುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಬೆನ್ನುನೋವು ಎನ್ನುವ ಮಾತು ನಮ್ಮ ಕಡೆ ಪ್ರತಿ ಬಾಣಂತಿಯ ಕಿವಿಗೂ ಬೀಳುತ್ತದೆ. ಅದಕ್ಕೆ ಆಧಾರ ಇಲ್ಲ. ಕೆಲವರಿಗೆ ಕೆಲವು ದಿನ ತಲೆನೋವು ಬರುವುದು ಮಾತ್ರ ನಿಜ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಸೂಜಿ ಸಣ್ಣದಾದಷ್ಟೂ ಅದು ಕಡಿಮೆ.

ಓ.ಟಿ. ಒಳಗೆ ಏನಿರಬೇಕು

ನಮ್ಮನ್ನು ಒಳಗೆ ಬಿಡುವುದಿಲ್ಲ, ಆದರೂ ಕೇಳಬಹುದು. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್, ಇ.ಸಿ.ಜಿ., ಬಿ.ಪಿ. ಎಲ್ಲಾ ಕಡೆ ಇರುತ್ತದೆ. ಪೂರ್ತಿ ಮತ್ತು ಕೊಡುವ ಕಡೆ ಕ್ಯಾಪ್ನೋಗ್ರಾಫ್ ಇದೆಯಾ ಎಂದು ಕೇಳಿ. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅದು ಅಳೆಯುತ್ತದೆ. ಟ್ಯೂಬ್ ಉಸಿರಿನ ದಾರಿ ಬಿಟ್ಟು ಅನ್ನನಾಳಕ್ಕೆ ಹೋಗಿದ್ದರೆ ಕೆಲವೇ ಉಸಿರಿನಲ್ಲಿ ಗೊತ್ತಾಗುತ್ತದೆ. ಬೆರಳಿನ ಮೀಟರ್ ಅದನ್ನು ತೋರಿಸುವಷ್ಟರಲ್ಲಿ ನಿಮಿಷಗಳೇ ಕಳೆದಿರಬಹುದು. ಎದೆಬಡಿತ ತಪ್ಪಿದರೆ ಶಾಕ್ ಕೊಡುವ ಮೆಷಿನ್ ಕೂಡ ಇರಲೇಬೇಕು.

ನಿಜವಾದ ತಜ್ಞರಾ ಎಂದು ನೋಡುವುದು

ಡಾಕ್ಟರ್ ನೋಂದಣಿ ಸಂಖ್ಯೆ ಅವರ ಚೀಟಿ, ರಸೀದಿಗಳ ಮೇಲೆ ಇರಬೇಕು ಎಂದು ನಿಯಮವೇ ಇದೆ. ಆ ಸಂಖ್ಯೆ ಹಿಡಿದು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲೋ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲೋ ಹುಡುಕಬಹುದು. ಎಂ.ಬಿ.ಬಿ.ಎಸ್. ಜೊತೆಗೆ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಎ. ಸೇರಿಸಿದ್ದಾರಾ ನೋಡಿ. ಬೇರೆ ರಾಜ್ಯದಲ್ಲಿ ಓದಿ ಬಂದವರ ಹೆಸರು ಮೊದಲು ಆ ರಾಜ್ಯದ ಕೌನ್ಸಿಲ್‌ನಲ್ಲಿ ಇರಬಹುದು, ಅಷ್ಟಕ್ಕೇ ಅನುಮಾನ ಪಡಬೇಡಿ. ಖಾಸಗಿ ಆಸ್ಪತ್ರೆಗೆ ಕೆ.ಪಿ.ಎಂ.ಇ. ಕಾಯ್ದೆಯ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು. ಆ ಪ್ರಮಾಣಪತ್ರ ರಿಸೆಪ್ಷನ್ ಗೋಡೆ ಮೇಲೆ ಕಾಣಬೇಕು.

ಕೇಳಿದರೆ ಬೇಜಾರಾಗ್ತಾರೇನೋ ಎಂಬ ಅಳುಕು ನನಗೂ ಇತ್ತು. "ಮೇಡಂ, ಅಪ್ಪಂಗೆ ಒಂದ್ಸಲ ಆಪರೇಷನ್ ಬಾಗಿಲಲ್ಲೇ ನಿಂತುಹೋಗಿತ್ತು, ಅದಕ್ಕೇ ಕೇಳ್ತಾ ಇದೀನಿ" ಎಂದೆ. ಅವರು ಕುರ್ಚಿ ಎಳೆದು ಕೂತರು. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಒಬ್ಬರೂ ಮುಖ ಗಂಟು ಹಾಕಲಿಲ್ಲ.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಪ್ಯಾಕೇಜ್ ಎಂದು ಹೇಳಿದ ಮೊತ್ತದಲ್ಲಿ ಅರಿವಳಿಕೆ ಡಾಕ್ಟರ್ ಫೀಸ್ ಸೇರಿದೆಯಾ ಎಂದು ಮೊದಲೇ ಕೇಳಿ. ಆಯುಷ್ಮಾನ್ ಕಾರ್ಡ್ ಇರುವ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಅದಕ್ಕೆ ಒಂದೆರಡು ದಿನ ಮುಂಚೆಯೇ ಓಡಾಡಿ.

ಅಮ್ಮನ ಆಪರೇಷನ್ ಚೆನ್ನಾಗಿ ಆಯಿತು. ಆ ರಾತ್ರಿ ಮೇಡಂ ಎರಡು ಸಲ ಬಂದು ನೋಡಿದರು. ಡಿಸ್ಚಾರ್ಜ್ ದಿನ ಅವರೇ ಒಂದು ಹಾಳೆಯ ಜೆರಾಕ್ಸ್ ಕೊಟ್ಟರು. ಯಾವ ಔಷಧ ಎಷ್ಟು ಕೊಟ್ಟರು, ಎಷ್ಟನೇ ನಂಬರಿನ ಟ್ಯೂಬ್, ಹಾಕುವಾಗ ಕಷ್ಟವಾಯಿತಾ, ಎಲ್ಲಾ ಅದರಲ್ಲಿದೆ. "ಮುಂದೆ ಯಾವಾಗ ಆಪರೇಷನ್ ಆದ್ರೂ ಇದನ್ನ ತೋರಿಸಿ" ಎಂದರು. ಇಂಥ ದಾಖಲೆಯನ್ನು ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅಡ್ಮಿಟ್ ಆದವರ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ಅಪ್ಪನ ಫೈಲಿನಲ್ಲಿ ಅವತ್ತಿನ ಅರಿವಳಿಕೆ ಡಾಕ್ಟರ್ ಬರೆದ ಹಾಳೆ ಇಲ್ಲ. 3 ವರ್ಷ ತುಂಬಲು ಇನ್ನು ಆರು ತಿಂಗಳು ಬಾಕಿ ಇದೆ. ಸೋಮವಾರ ಹೋಗಿ ಅರ್ಜಿ ಕೊಟ್ಟು ಬರುತ್ತೇನೆ.